ಅತ್ತೆಗೆ ಮರಾಠಿ ಬರುವುದಿಲ್ಲ ಎಂದುಕೊಂಡಿದ್ದೆವು

(ಮಹಿಳಾ ವೇದಿಕೆಯ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಮಾತಿನ ಬರಹ ರೂಪ)

ವೇದಿಕೆಯ ಹಿರಿಯರೇ, ನಾಸಿಕ್‌ನ ಗೆಳತಿಯರೇ, ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಕೂತಿರುವ ಛತ್ರಪತಿ ಸಂಭಾಜಿನಗರದ ಗೆಳತಿಯರೇ, ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ. ನಾನು ಹೇಳುತ್ತಿರುವುದು ಯಾರಿಗೆ ಕೇಳಿಸುತ್ತಿಲ್ಲ? ದಯವಿಟ್ಟು ಕೈ ಎತ್ತಿ.

ನೋಡಿ, ಒಂದು ಕೈಯೂ ಮೇಲೆ ಬರಲಿಲ್ಲ. ಕೇಳಿಸದವರು ಕೈ ಎತ್ತುವುದು ಹೇಗೆ, ಪ್ರಶ್ನೆಯೇ ಕೇಳಿಸಿರುವುದಿಲ್ಲವಲ್ಲ! ಪಕ್ಕದವರು ನಕ್ಕಾಗ ಅವರೂ ನಗುತ್ತಾರೆ, ಪಕ್ಕದವರು ಚಪ್ಪಾಳೆ ತಟ್ಟಿದಾಗ ಅವರೂ ತಟ್ಟುತ್ತಾರೆ. ನನ್ನ ವೃತ್ತಿಯ ಕಷ್ಟವೆಲ್ಲ ಇಷ್ಟರಲ್ಲೇ ಇದೆ.

ನಾನು ಆಡಿಯಾಲಜಿಸ್ಟ್. ಎಲ್ಲರೂ ಕಿವಿ ಡಾಕ್ಟರು ಅನ್ನುತ್ತಾರೆ, ಅದು ಪೂರ್ತಿ ಸರಿಯಲ್ಲ. ಔಷಧ ಕೊಡುವ, ಆಪರೇಷನ್ ಮಾಡುವ ಇಎನ್‌ಟಿ ವೈದ್ಯರು ಬೇರೆ. ಎಷ್ಟು ಕೇಳಿಸುತ್ತದೆ, ಎಲ್ಲಿ ತಡೆಯಾಗಿದೆ ಎಂದು ಅಳೆಯುವುದು, ಕಿವಿ ಮಷೀನು ಹೊಂದಿಸಿ ಕೊಡುವುದು ನನ್ನ ಕೆಲಸ. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಹುಟ್ಟಿದ ಸಂಸ್ಥೆ ಅದು. ಮೈಸೂರಿನವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು, ಆಟೋದವರು ಬಾಗಿಲಿಗೆ ತಂದು ಬಿಡುತ್ತಾರೆ. ಮದುವೆಯಾಗಿ ನಾಸಿಕ್‌ಗೆ ಬಂದೆ. ಇಲ್ಲಿ ನನ್ನ ಸಣ್ಣ ಕ್ಲಿನಿಕ್ ಇದೆ. ತಿಂಗಳಿಗೆ ಎರಡು ಸಲ ಸಂಭಾಜಿನಗರಕ್ಕೂ ಹೋಗುತ್ತೇನೆ; ವಾಳೂಜ್, ಚಿಕಲ್‌ಠಾಣಾ ಕಡೆಯ ಕಾರ್ಖಾನೆಯವರ ಕಿವಿ ಪರೀಕ್ಷೆಗೆ.

ಇಷ್ಟೆಲ್ಲ ಹೇಳಿಕೊಂಡದ್ದು ದೊಡ್ಡಸ್ತಿಕೆಗಲ್ಲ. ಇಷ್ಟು ಓದಿದವಳ ಮನೆಯಲ್ಲೇ ಎರಡು ವರ್ಷ ಒಬ್ಬರಿಗೆ ಕಿವಿ ಕೇಳಿಸುತ್ತಿರಲಿಲ್ಲ, ನನಗೆ ಗೊತ್ತಾಗಲಿಲ್ಲ. ಅದನ್ನು ಹೇಳುವುದಕ್ಕೆ. ಅತ್ತೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಅತ್ತೆ ಬೆಳಗಾವಿ ಜಿಲ್ಲೆಯವರು. ಮಾವ ತೀರಿಕೊಂಡ ಮೇಲೆ, 2018ರಲ್ಲಿ, ನಮ್ಮ ಜೊತೆ ಇರಲು ನಾಸಿಕ್‌ಗೆ ಬಂದರು. ಬಂದ ಹೊಸತರಲ್ಲಿ ಸಂಜೆ ಕಟ್ಟಡದ ಕೆಳಗೆ ಹೆಂಗಸರ ಜೊತೆ ಕೂರುತ್ತಿದ್ದರು, ಅರಿಶಿನ ಕುಂಕುಮಕ್ಕೆ ಹೋಗುತ್ತಿದ್ದರು. ಆಮೇಲೆ ನಿಧಾನವಾಗಿ ಬಿಟ್ಟರು. ಯಾರಾದರೂ ಮಾತಾಡಿಸಿದರೆ ನಗುತ್ತಾರೆ, ತಲೆಯಾಡಿಸುತ್ತಾರೆ, ಒಳಗೆ ಬಂದುಬಿಡುತ್ತಾರೆ. ‘ಅವರಿಗೆ ಮರಾಠಿ ಬರಲ್ಲ, ಪಾಪ’ ಅಂತ ನಾವೇ ಎಲ್ಲರಿಗೂ ಹೇಳಿದೆವು. ಬೆಳಗಾವಿ ಕಡೆಯವರಿಗೆ ಮರಾಠಿ ಬರದೇ ಇರುತ್ತದೆಯೇ? ಸಣ್ಣವರಿದ್ದಾಗ ಮರಾಠಿ ನಾಟಕ ನೋಡಿ ಬೆಳೆದವರು ಅವರು. ಆದರೂ ‘ಇಲ್ಲಿಯ ಮರಾಠಿ ಬೇರೆ’ ಅಂತ ನಾವೇ ಸಮಾಧಾನ ಹೇಳಿಕೊಂಡೆವು. ನನ್ನ ಕನ್ನಡ ಅವರಿಗೆ ತಿಳಿಯದಿದ್ದರೆ ಅದಕ್ಕೂ ಕಾರಣ ಸಿದ್ಧವಾಗಿತ್ತು. ‘ನಿನ್ನ ಮೈಸೂರು ಕನ್ನಡ ಬಾಯಾಗ ಬಾಯಾಗ ಇರತೈತಿ, ಗಟ್ಟಿ ಮಾತಾಡವಾ’ ಅನ್ನುತ್ತಿದ್ದರು. ಮನೆಯಲ್ಲಿ ಅದೊಂದು ತಮಾಷೆಯೇ ಆಗಿತ್ತು. ಇನ್ನು ಕುಕ್ಕರಿನ ವಿಷಯ. ಎರಡು ಸಲ ಬೇಳೆ ಸೀದು ಹೋಯಿತು. ‘ಈ ಕುಕ್ಕರ ಸೀಟಿನ ಹೊಡಿಯಂಗಿಲ್ಲ’ ಎಂದರು. ನಾನು ಹೋಗಿ ಹೊಸ ಗ್ಯಾಸ್ಕೆಟ್ ತಂದೆ! ದಿನಕ್ಕೆ ಹತ್ತು ಜನರ ಕಿವಿ ಪರೀಕ್ಷೆ ಮಾಡುವ ಹೆಂಗಸು ಮನೆಗೆ ಬಂದು ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದಳು. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಒಮ್ಮೆ ಕಿವಿಯ ಒಳಗೆ ಹೋಗಿ ಬರಬೇಕು.

ನಾವು ಕಿವಿ ಅಂತ ಕರೆಯುವುದು, ಓಲೆ ಹಾಕಿಕೊಳ್ಳುವುದು, ಶಾಲೆಯಲ್ಲಿ ಮೇಷ್ಟ್ರು ಹಿಂಡುತ್ತಿದ್ದುದು, ಅದು ಬರೀ ತಲೆಬಾಗಿಲು. ಅಲ್ಲಿಂದ ಒಳಗೆ ಒಂದು ಅಂಗುಲ ಉದ್ದದ, ಸ್ವಲ್ಪ ಸೊಟ್ಟಗಿನ ಓಣಿ. ಓಣಿಯ ಕೊನೆಗೆ ತಮಟೆ, ನಮ್ಮ ಕಿರುಬೆರಳ ಉಗುರಿನಷ್ಟು ಅಗಲದ ತೆಳು ಪೊರೆ. ಗಾಳಿಯಲ್ಲಿ ಬಂದ ಸದ್ದು ಅದನ್ನು ನಡುಗಿಸುತ್ತದೆ. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ. ಅದರಲ್ಲಿ ಒಂದಕ್ಕೊಂದು ಕೈಹಿಡಿದು ನಿಂತ ಮೂರು ಮೂಳೆಗಳು. ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ: ಸುತ್ತಿಗೆ, ಅಡಿಗಲ್ಲು, ರಿಕಾಪು. ರಿಕಾಪು ಮೂರು ಮಿಲಿಮೀಟರ್‌ನಷ್ಟು, ಅಕ್ಕಿಕಾಳಿನ ಅರ್ಧ. ಇಡೀ ಮೈಯಲ್ಲಿ ಅತಿ ಚಿಕ್ಕ ಮೂಳೆ ಅದೇ.

ಈ ಮೂರು ಮೂಳೆ ಯಾಕೆ ಬೇಕು, ಸದ್ದು ನೇರವಾಗಿ ಒಳಗೆ ಹೋಗಬಾರದೆ? ಒಳಕಿವಿಯಲ್ಲಿ ಇರುವುದು ಗಾಳಿಯಲ್ಲ, ನೀರಿನಂಥ ದ್ರವ. ಹೊಳೆಯಲ್ಲಿ ಮುಳುಗು ಹಾಕಿದಾಗ ದಡದಲ್ಲಿ ನಿಂತು ಕೂಗಿದ್ದು ಕೇಳಿಸುವುದಿಲ್ಲ ಅಲ್ಲವೆ? ಗಾಳಿಯ ಸದ್ದು ನೀರಿಗೆ ಬಡಿದರೆ ಬಹುಪಾಲು ತಿರುಗಿ ಹೋಗುತ್ತದೆ. ಅದಕ್ಕೇ ಈ ಏರ್ಪಾಡು. ತಮಟೆಯ ಮೇಲೆ ಬಿದ್ದ ಒತ್ತಡವನ್ನು ಅದಕ್ಕಿಂತ ಸುಮಾರು 17 ಪಟ್ಟು ಚಿಕ್ಕದಾದ ರಿಕಾಪಿನ ಪಾದಕ್ಕೆ ಸಾಗಿಸುವುದು. ಬೆರಳಿನಲ್ಲಿ ಒತ್ತಿದರೆ ಇಳಿಯದ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದಲ್ಲ, ಹಾಗೆ.

ಈ ನಡುಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ಕೊಳವೆ ಇದೆ. ಮುಂಬೈಯಿಂದ ಬರುವಾಗ ಕಸಾರಾ ಘಾಟ್ ಹತ್ತಿದಂತೆ ಕಿವಿ ಕಟ್ಟಿಕೊಂಡು, ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತದೆ. ಬಾಗಿಲು ತೆರೆದು ಒಳಗಿನ ಗಾಳಿಯನ್ನು ಹೊರಗಿನದಕ್ಕೆ ಸಮ ಮಾಡಿದ್ದು ಆ ಕೊಳವೆ. ಸಣ್ಣ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚು ಮಟ್ಟಸ. ಆದ್ದರಿಂದ ನೆಗಡಿಯಾದರೆ ಸೋಂಕು ಬೇಗ ಕಿವಿಗೆ ಏರುತ್ತದೆ. ಮಗುವಿಗೆ ಪೂರ್ತಿ ಅಂಗಾತ ಮಲಗಿಸಿ ಹಾಲು ಕುಡಿಸಬೇಡಿ, ತಲೆ ಸ್ವಲ್ಪ ಎತ್ತರವಿರಲಿ ಅಂತ ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ.

ಇನ್ನು ಒಳಕಿವಿ. ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿದೆ. ಬಿಚ್ಚಿ ನೇರ ಮಾಡಿದರೆ ಮೂರೂವರೆ ಸೆಂಟಿಮೀಟರ್. ಅದರಲ್ಲಿ ಸುಮಾರು 15,000 ರೋಮಕೋಶಗಳು ಹಾರ್ಮೋನಿಯಂ ಮನೆಗಳ ಹಾಗೆ ಸಾಲಾಗಿ ಕೂತಿವೆ. ಬಾಗಿಲ ಹತ್ತಿರದವು ಹೆಚ್ಚಿನ ಸ್ಥಾಯಿಗೆ: ಹಕ್ಕಿಯ ಚಿಲಿಪಿಲಿ, ಕುಕ್ಕರಿನ ಸೀಟಿ, ಗೆಜ್ಜೆ. ಒಳಸುತ್ತಿನವು ಮಂದ್ರಕ್ಕೆ: ಗುಡುಗು, ಡೋಲು, ಬಾಗಿಲು ಬಡಿದ ಸದ್ದು. ಒಳಗಿನ ಪೊರೆಯ ಮೇಲೆ ಅಲೆ ಹೀಗೆ ಸಾಗುತ್ತದೆ ಎಂದು ತೋರಿಸಿದ ಬೇಕೇಶಿ ಎಂಬ ವಿಜ್ಞಾನಿಗೆ 1961ರಲ್ಲಿ ನೊಬೆಲ್ ಬಂತು. ಈ ರೋಮಕೋಶಗಳು ನಮಗೆ ಹುಟ್ಟುವಾಗ ಬಂದಷ್ಟೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತವೆ, ನಮಗೆ ಇಲ್ಲ!

ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲ ಹತ್ತಿರದ ಕೋಶಗಳು, ಅಂದರೆ ಹೆಚ್ಚಿನ ಸ್ಥಾಯಿಯವು. ಮಾತಿಗೆ ಇದರಿಂದ ಏನಾಗುತ್ತದೆ ನೋಡಿ. ನಮ್ಮ ಸ್ವರಗಳು, ಅ ಆ ಉ ಎಲ್ಲ, ದಪ್ಪ ಸದ್ದುಗಳು. ಅವು ಉಳಿಯುತ್ತವೆ. ಕ, ತ, ಪ, ಸ, ಹ ಇವೆಲ್ಲ ತೆಳು ಸದ್ದುಗಳು, ಹೆಚ್ಚಾಗಿ ಮೇಲಿನ ಸ್ಥಾಯಿಯವು. ಮೊದಲು ಹೋಗುವುದು ಅವೇ. ಕಾಲು, ಹಾಲು, ಸಾಲು, ಪಾಲು, ಇವು ನಾಲ್ಕೂ ಅಂಥವರ ಕಿವಿಗೆ ‘...ಆಲು’ ಅಂತಲೇ ಬೀಳುತ್ತವೆ. ಆದ್ದರಿಂದಲೇ ಅವರು ‘ಕೇಳಸತೈತಿ, ಆದ್ರ ತಿಳಿಯಂಗಿಲ್ಲ’ ಅನ್ನುವುದು. ನಾವು ಅದನ್ನು ಮರೆವು ಅನ್ನುತ್ತೇವೆ, ಹಟ ಅನ್ನುತ್ತೇವೆ, ‘ಬೇಕಾದ್ದು ಮಾತ್ರ ಕೇಳಿಸುತ್ತದೆ’ ಅನ್ನುತ್ತೇವೆ. ಬಾಗಿಲು ಬಡಿದದ್ದು ಕೇಳಿಸಿತು, ನಾನು ಕರೆದದ್ದು ಕೇಳಿಸಲಿಲ್ಲವೇ ಅಂತ ಜಗಳ. ಎರಡೂ ನಿಜ.

ಹಾಗಾದರೆ ಅತ್ತೆ ಮನೆಯಲ್ಲಿ ನಮ್ಮೊಡನೆ ಹೇಗೋ ಸಂಭಾಳಿಸಿದರು, ಹೊರಗೆ ಯಾಕೆ ಆಗಲಿಲ್ಲ? ಮಾತೃಭಾಷೆಯಲ್ಲಿ ಅರ್ಧ ಕೇಳಿದರೆ ಉಳಿದ ಅರ್ಧವನ್ನು ಮಿದುಳು ತುಂಬಿಕೊಳ್ಳುತ್ತದೆ. ಅಡುಗೆಮನೆಯಲ್ಲಿ ‘ಆಲು ಉಕ್ಕುತ್ತಿದೆ’ ಅಂತ ಬಿದ್ದರೆ ಅದು ಹಾಲೇ, ಕಾಲಲ್ಲ. ಆಮೇಲೆ ತುಟಿ. ಪ, ಬ, ಮ ತುಟಿಯ ಮೇಲೆ ಕಾಣುತ್ತವೆ. ಯಾರೂ ಕಲಿಸದೆ ಅತ್ತೆ ತುಟಿ ಓದುವುದನ್ನು ಕಲಿತುಬಿಟ್ಟಿದ್ದರು. ಆದರೆ ಆಮೇಲೆ ಕಲಿತ ಭಾಷೆಯಲ್ಲಿ, ಅದೂ ಮೂರು ಜನ ಒಟ್ಟಿಗೆ ಮಾತಾಡುವ ಕಡೆ, ಹೀಗೆ ತುಂಬಿಕೊಳ್ಳುವುದು ಬಹಳ ಕಷ್ಟ. ಆದ್ದರಿಂದ ಕಿವಿ ಮಂದವಾದಾಗ ಮೊದಲು ಕೈಬಿಡುವುದು ಎರಡನೆಯ ಭಾಷೆ. ಪರಊರಲ್ಲಿರುವ ನಮ್ಮಂಥವರು ಇದನ್ನು ವಿಶೇಷವಾಗಿ ಗಮನಿಸಬೇಕು. ‘ನಮ್ಮಮ್ಮನಿಗೆ ಇಲ್ಲಿ ಒಗ್ಗಲಿಲ್ಲ, ಭಾಷೆ ಬರಲ್ಲ’ ಅಂತ ಎಷ್ಟು ಮನೆಗಳಲ್ಲಿ ಹೇಳುತ್ತೇವೆ!

ಆಮೇಲೆ 2020 ಬಂತು. ಎಲ್ಲರ ಮುಖಕ್ಕೂ ಮಾಸ್ಕ್. ಓದುವುದಕ್ಕೆ ತುಟಿ ಇಲ್ಲ, ಮೇಲಿಂದ ಮಾಸ್ಕ್ ಆ ತೆಳು ಸದ್ದುಗಳನ್ನು ಇನ್ನಷ್ಟು ಮಂಕು ಮಾಡುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ. ಆ ವರ್ಷದ ಕೊನೆಗೆ ಒಂದು ದಿನ ತೋರಿಸಲು ಕರೆದುಕೊಂಡು ಹೋದೆ. ನಾನು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ, ಒಬ್ಬರನ್ನೇ ಒಳಗೆ ಬಿಡುತ್ತಿದ್ದ ಕಾಲ. ವೈದ್ಯರು ಮಾಸ್ಕ್ ಹಾಕಿಕೊಂಡು, ಗಾಜಿನ ಆಚೆಯಿಂದ ಮರಾಠಿಯಲ್ಲಿ, ಬೆಳಗಿನ ಒಂದು ಗುಳಿಗೆ ನಿಲ್ಲಿಸಿ ಎಂದಿದ್ದಾರೆ. ಅತ್ತೆ ತಲೆಯಾಡಿಸಿದ್ದಾರೆ. ಹೊರಗೆ ಬಂದು ‘ಎಲ್ಲಾ ಮೊದಲಿನಂಗs ಅಂತ’ ಎಂದರು. ಚೀಟಿಯಲ್ಲಿ ಸರಿಯಾಗಿಯೇ ಬರೆದಿತ್ತು. ನಾನು ಓದದೆ ಫೈಲಿಗೆ ಸೇರಿಸಿದೆ. ಐದನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು, ಮೈಯೆಲ್ಲ ಬೆವರು, ಮಾತು ತೊದಲು. ಸಕ್ಕರೆ 48ಕ್ಕೆ ಇಳಿದಿತ್ತು. ಬೆಲ್ಲದ ನೀರು ಕುಡಿಸಿ ಆಸ್ಪತ್ರೆಗೆ ಓಡಿದೆವು, ಉಳಿದರು.

ರಾತ್ರಿ ಚೀಟಿ ತೆಗೆದು ನೋಡಿದೆ. ಮಾರನೆಯ ವಾರ ನನ್ನದೇ ಕ್ಲಿನಿಕ್‌ನ ಸದ್ದಿಲ್ಲದ ಕೋಣೆಯಲ್ಲಿ ಅತ್ತೆಯನ್ನು ಕೂರಿಸಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದರೆ ಗುಂಡಿ ಒತ್ತಿ ಅಂದೆ. ಗಾಜಿನ ಆಚೆ ಅವರು ಕಣ್ಣು ಮುಚ್ಚಿ ಕೂತಿದ್ದಾರೆ. ನಾನು ಸದ್ದು ಹೆಚ್ಚಿಸುತ್ತ ಹೋಗುತ್ತಿದ್ದೇನೆ, ಗುಂಡಿ ಒತ್ತುತ್ತಿಲ್ಲ. ಮಂದ್ರದಲ್ಲಿ 30 ಡೆಸಿಬೆಲ್, ತಾರಕ್ಕೆ ಹೋದಂತೆ 65. ಬಲಕಿವಿಗೆ ಕೆಂಪು ಸೊನ್ನೆ, ಎಡಕಿವಿಗೆ ನೀಲಿ ಅಡ್ಡಗುರುತು ಹಾಕುತ್ತೇವೆ. ಎರಡೂ ಗೆರೆ ಘಾಟ್ ಇಳಿದ ಹಾಗೆ ಇಳಿದಿದ್ದವು. ಹೊರಗೆ ಬಂದು ನಾನು ಏನೂ ಹೇಳುವ ಮೊದಲೇ ಅವರೇ ಹೇಳಿದರು: ‘ನನಗ ಗೊತ್ತಿತ್ತವಾ. ಊರಾಗ ಇದ್ದಾಗಿಂದs ಐತಿ. ನಿಮಗ ತ್ರಾಸ ಯಾಕಂತ ಸುಮ್ಮನಿದ್ದೆ.’

ಆ ‘ಸುಮ್ಮನಿದ್ದೆ’ ಎಷ್ಟು ಮನೆಗಳಲ್ಲಿದೆ ಅಂತ ನನಗೆ ಈಗ ಗೊತ್ತು.

ಎಲ್ಲರ ಕಿವಿಯ ತೊಂದರೆಯೂ ವಯಸ್ಸಿನದಲ್ಲ. ನಮ್ಮ ಎರಡೂ ಊರುಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಸದ್ದಿನ ಏಟು. ನಾಸಿಕ್ ಢೋಲ್ ದೇಶಕ್ಕೆಲ್ಲ ಹೆಸರುವಾಸಿ. ಬೆಂಗಳೂರಿನ ಮದುವೆಗಳಿಗೂ ಈಗ ನಾಸಿಕ್ ಡೋಲು ಬಂದಿದೆ. ನಮ್ಮ ಹೆಣ್ಣುಮಕ್ಕಳು ನಡುಪಟ್ಟಿ ಬಿಗಿದು ಪಥಕದಲ್ಲಿ ಢೋಲ್ ಬಾರಿಸುವುದನ್ನು ನೋಡಿದರೆ ನನಗೂ ಹೆಮ್ಮೆ. ಆದರೆ ಲೆಕ್ಕ ಕೇಳಿ. ಡೆಸಿಬೆಲ್ ಲೆಕ್ಕ ನಮ್ಮ ತರಕಾರಿ ಲೆಕ್ಕದಂತಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 85 ಡೆಸಿಬೆಲ್, ಅಂದರೆ ಹೆಚ್ಚುಕಡಿಮೆ ಮಿಕ್ಸರ್ ಪಕ್ಕ ನಿಂತಷ್ಟು, ದಿನಕ್ಕೆ ಎಂಟು ಗಂಟೆ ಕಿವಿ ತಡೆಯಬಹುದು. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತ ಹೋಗುತ್ತದೆ. ನೂರಕ್ಕೆ ಬಂದರೆ ಕಾಲು ಗಂಟೆ ಅಷ್ಟೇ. ಢೋಲ್ ತಾಶಾದ ನಡುವೆ ನಿಂತವರ ಕಿವಿಗೆ ನೂರು ದಾಟುವುದು ಸಾಮಾನ್ಯ, ಮೆರವಣಿಗೆ ನಡೆಯುವುದು ಗಂಟೆಗಟ್ಟಲೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಯ್ ಅಂದರೆ ಅದು ರೋಮಕೋಶಗಳು ಕೊಟ್ಟ ದೂರು. ಬೆಳಿಗ್ಗೆ ಸರಿಹೋಯಿತು ಅಂತ ಸುಮ್ಮನಾಗುತ್ತೇವೆ, ಒಳಗೆ ಒಂದಿಷ್ಟು ಹೋಗಿರುತ್ತದೆ. ಬಾರಿಸಬೇಡಿ ಅನ್ನುವುದಿಲ್ಲ. ಔಷಧದಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್ ಪ್ಲಗ್ ಹಾಕಿಕೊಂಡು ಬಾರಿಸಿ. ತಾಳ ಚೆನ್ನಾಗಿಯೇ ಕೇಳಿಸುತ್ತದೆ. ಹತ್ತಿ ತುರುಕಿಕೊಂಡರೆ ಆಗುವುದಿಲ್ಲ. ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಡಿಜೆ ಸ್ಪೀಕರ್ ಮುಂದೆ ನಿಲ್ಲುವವರನ್ನು ನೋಡಿದರೆ ಮಾತ್ರ ನನಗೆ ಸಿಟ್ಟು ತಡೆಯುವುದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಅಂತ 2000ದ ನಿಯಮಗಳಲ್ಲೇ ಇದೆ. ಕೆಲವು ಹಬ್ಬದ ದಿನಗಳಿಗೆ ಸರಕಾರ ಸಡಿಲಿಕೆ ಕೊಡುತ್ತದೆ, ಕಿವಿ ಕೊಡುವುದಿಲ್ಲ.

ಕಾರ್ಖಾನೆಯ ಸದ್ದು ಇನ್ನೂ ಕಳ್ಳ. ಮಾಲೆಗಾಂವ್ ನಮ್ಮ ಜಿಲ್ಲೆಯದೇ; ಅಲ್ಲಿಯ ವಿದ್ಯುತ್ ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟರೆ ಪಕ್ಕದವರ ಮಾತು ಕೈಸನ್ನೆಯಲ್ಲೇ. ವಾಳೂಜ್‌ನ ಪ್ರೆಸ್ ಶಾಪಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದವರ ಗೆರೆ ತೆಗೆದರೆ 4,000 ಹರ್ಟ್ಜ್ ಹತ್ತಿರ ಹಳ್ಳ ಬಿದ್ದಿರುತ್ತದೆ. ಅದನ್ನು ನೋಡಿದ ತಕ್ಷಣ ಸದ್ದಿನ ಕೆಲಸ ಅಂತ ಗೊತ್ತಾಗುತ್ತದೆ. ಸಂಭಾಜಿನಗರದ ಒಬ್ಬ ಗೆಳತಿ ಕೇಳಿದ್ದರು: ‘ನಮ್ಮನೆಯವರಿಗೆ ಗೆಳೆಯರ ಮಾತೆಲ್ಲ ಕೇಳಿಸುತ್ತೆ, ನನ್ನ ಮಾತು ಮಾತ್ರ ಕೇಳಿಸಲ್ಲ, ಇದು ಕಿವಿ ದೋಷವೋ ಮನಸ್ಸಿನ ದೋಷವೋ?’ ನಗಬೇಡಿ, ಕಿವಿಯದೇ ಇರಬಹುದು. ಹೆಂಗಸರ, ಮಕ್ಕಳ ದನಿ ಹೆಚ್ಚಿನ ಸ್ಥಾಯಿಯದು. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಜಗಳ ಆಡಿ.

ಇನ್ನು ಹೆಂಗಸರಿಗೇ ಹೆಚ್ಚಾಗಿ ಬರುವ ಒಂದು ತೊಂದರೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಆಗಲೇ ಹೇಳಿದೆನಲ್ಲ ಆ ರಿಕಾಪು, ಅದರ ಸುತ್ತ ಮೂಳೆ ಬೆಳೆದು ಅದು ಅಲುಗಾಡದಂತೆ ಬಿಗಿದುಕೊಳ್ಳುತ್ತದೆ. ಓಟೋಸ್ಕ್ಲೀರೋಸಿಸ್ ಅಂತ ಹೆಸರು. ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ. ಕೆಲವರಿಗೆ ಬಸುರಿಯಾದಾಗ ಅಥವಾ ಹೆರಿಗೆಯ ನಂತರ ಮೊದಲ ಸಲ ಗಮನಕ್ಕೆ ಬರುತ್ತದೆ. ಬಾಣಂತಿತನದಲ್ಲಿ ಕಿವಿಗೆ ಗಾಳಿ ಹೊಕ್ಕಿದೆ ಅಂತ ತಲೆಗೆ ಬಟ್ಟೆ ಕಟ್ಟಿ ಕೂರಿಸುತ್ತೇವೆ! ಬಟ್ಟೆ ಕಟ್ಟಿದರೆ ನಷ್ಟವಿಲ್ಲ, ಪರೀಕ್ಷೆ ಮಾಡಿಸದಿದ್ದರೆ ಇದೆ. ಯಾಕೆಂದರೆ ಇದು ಆಪರೇಷನ್‌ನಿಂದ ಚೆನ್ನಾಗಿ ಸರಿಹೋಗುವ ಕಿವುಡು. ಬಿಗಿದ ಮೂಳೆಯ ಬದಲು ಪುಟ್ಟ ಕಡ್ಡಿಯಂಥದ್ದನ್ನು ಕೂರಿಸುತ್ತಾರೆ. ಆಪರೇಷನ್ ಬೇಡವೆಂದರೆ ಮಷೀನು ಇದೆ.

ಎಣ್ಣೆಯ ವಿಷಯ ಹೇಳದೆ ಹೋದರೆ ನಮ್ಮ ಕಡೆಯವರಿಗೆ ಕಿವಿಯ ಮಾತು ಮುಗಿಯುವುದಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವುದು ನನ್ನ ಅಮ್ಮನೂ ಮಾಡುತ್ತಿದ್ದಳು. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನೇರ ನಡುಕೋಣೆಗೆ. ಮಳೆಗಾಲದಲ್ಲಿ ಎಣ್ಣೆಯ ಜಿಡ್ಡು, ತೇವ ಸೇರಿ ಬೂಷ್ಟು ಬೆಳೆದ ಕಿವಿಗಳನ್ನು ಪ್ರತಿ ವರ್ಷ ನೋಡುತ್ತೇನೆ. ಕಿವಿ ಸೋರುತ್ತಿದ್ದರಂತೂ ಏನನ್ನೂ ಬಿಡಬೇಡಿ, ನೀರೂ ಸೋಕಬಾರದು. ತಲೆಗೆ ನೀರು ಹಾಕಿಕೊಳ್ಳುವಾಗ, ರಾಮಕುಂಡದಲ್ಲಿ ಮುಳುಗುವ ಆಸೆ ಇದ್ದರೆ ಅಲ್ಲಿಯೂ, ಎಚ್ಚರ. ಸೋರುವುದು ಕೆಟ್ಟ ವಾಸನೆ ಬರುತ್ತಿದ್ದರೆ ಮೂಳೆಯನ್ನೇ ತಿನ್ನುವ ರೋಗ ಇರಬಹುದು, ತಡಮಾಡಬೇಡಿ. ಇನ್ನು ಗುಗ್ಗೆ. ಅದು ಕೊಳೆಯಲ್ಲ, ಕಾವಲು. ಕಿವಿಯ ಓಣಿಯ ಚರ್ಮ ಒಳಗಿನಿಂದ ಹೊರಕ್ಕೆ ತಾನಾಗಿಯೇ ಸರಿಯುತ್ತ ಗುಗ್ಗೆಯನ್ನು ಬಾಗಿಲಿಗೆ ತಂದು ಬಿಡುತ್ತದೆ. ನಾವು ಹೇರ್‌ಪಿನ್ನು, ಕಡ್ಡಿ, ಗಾಡಿಯ ಕೀ ಹಾಕಿ ಅದನ್ನು ಮತ್ತೆ ಒಳಗೆ ದೂಡುತ್ತೇವೆ. ಸೇಫ್ಟಿ ಪಿನ್ ಬಳೆಗೆ ಸಿಕ್ಕಿಸಿಕೊಂಡು ಓಡಾಡುವವರೆಲ್ಲ ಈಗ ಸುಮ್ಮನೆ ನಗುತ್ತಿದ್ದೀರಿ, ನನಗೆ ಕಾಣುತ್ತಿದೆ.

ಮಕ್ಕಳ ಮಾತಿಗೆ ಬಂದರೆ ಸ್ವಲ್ಪ ಗಂಭೀರವಾಗಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮ ಕರ್ನಾಟಕದಲ್ಲಿ ಇನ್ನೂ ಇದೆ. ಹುಟ್ಟುಕಿವುಡಿಗೆ ಅದೂ ಒಂದು ಕಾರಣ. ಮೈಸೂರಿನಲ್ಲಿ ಓದುವಾಗ, ಮಗುವನ್ನು ತಂದವರನ್ನು ನಾವು ಕೇಳಬೇಕಿದ್ದ ಮೊದಲ ಕೆಲವು ಪ್ರಶ್ನೆಗಳಲ್ಲಿ ‘ಗಂಡ ಹೆಂಡತಿ ಸಂಬಂಧಿಕರೇ?’ ಅನ್ನುವುದೂ ಒಂದು. ಬಸುರಿಗೆ ರುಬೆಲ್ಲಾ ತಗುಲಿದರೂ ಮಗುವಿನ ಕಿವಿ ಹೋಗಬಹುದು. 2017ರಿಂದ ದಡಾರದ ಜೊತೆ ರುಬೆಲ್ಲಾ ಲಸಿಕೆಯನ್ನು ಸರಕಾರವೇ ಮಕ್ಕಳಿಗೆ ಕೊಡುತ್ತಿದೆ. ಹುಟ್ಟಿದ ಮಗುವಿನ ಕಿವಿಯನ್ನು ಕೆಲವೇ ನಿಮಿಷಗಳಲ್ಲಿ, ಮಗು ಮಲಗಿರುವಾಗಲೇ ಪರೀಕ್ಷಿಸಬಹುದು. ಮೊದಲ ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಮಷೀನು ಅಥವಾ ಚಿಕಿತ್ಸೆ ಶುರು. ಕಾಕ್ಲಿಯರ್ ಇಂಪ್ಲಾಂಟ್‌ಗೆ ಸರಕಾರದ ನೆರವಿದೆ, ಆದರೆ ಸಣ್ಣ ವಯಸ್ಸಿನಲ್ಲೇ ಆಗಬೇಕು. ನಮಗೆ ಹತ್ತಿರದ ದೊಡ್ಡ ಸಂಸ್ಥೆ ಮುಂಬೈ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ, 1983ರಿಂದ ಇದೆ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಅಂತ ದಯವಿಟ್ಟು ಕಾಯಬೇಡಿ.

ಒಂದೇ ಒಂದು ತುರ್ತಿನ ಮಾತು. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಕೇಳಿಸದಿದ್ದರೆ ‘ಗುಗ್ಗೆ ಇರಬೇಕು, ಭಾನುವಾರ ನೋಡೋಣ’ ಅನ್ನಬೇಡಿ. ಅಂದೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಮೊದಲ ಎರಡು ಮೂರು ದಿನಗಳಲ್ಲಿ ಔಷಧ ಶುರುವಾದರೆ ಮರಳಿ ಬರುವ ಸಾಧ್ಯತೆ ಹೆಚ್ಚು, ವಾರಗಳು ಕಳೆದರೆ ಕಡಿಮೆ. ಕ್ಷಯಕ್ಕೆ, ಕ್ಯಾನ್ಸರ್‌ಗೆ ಕೊಡುವ ಕೆಲವು ಇಂಜೆಕ್ಷನ್‌ಗಳೂ ಕಿವಿಗೆ ತೊಂದರೆ ಮಾಡುತ್ತವೆ. ಅಂಥ ಚಿಕಿತ್ಸೆ ಇದ್ದರೆ ಕಿವಿ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ.

ಮತ್ತೆ ಅತ್ತೆಯ ಹತ್ತಿರ ಬರುತ್ತೇನೆ. ಎರಡೂ ಕಿವಿಗೆ ಮಷೀನು ಹಾಕಿದೆ. ಸಿನಿಮಾದಲ್ಲಾದರೆ ಅಲ್ಲಿಗೆ ಎಲ್ಲ ಸುಖವಾಗಬೇಕು. ಆಗಲಿಲ್ಲ. ಮೊದಲ ದಿನ ಅವರಿಗೆ ಕೇಳಿಸಿದ್ದು ನಮ್ಮ ಮಾತಲ್ಲ, ತಮ್ಮದೇ ಕೈಬಳೆ, ಮಗ ಪೇಪರ್ ಮಡಿಸುವ ಸದ್ದು, ಫ್ಯಾನು, ನಲ್ಲಿ. ‘ಏನ್ ಗದ್ದಲರೀ ಇದು, ಸಂತಿಯಾಗ ಕುಂತಂಗ ಆಗೇತಿ’ ಅಂತ ತೆಗೆದು ಡಬ್ಬಿಯಲ್ಲಿಟ್ಟರು. ವರ್ಷಗಟ್ಟಲೆ ಕೇಳಿರದ ಸದ್ದುಗಳು ಒಟ್ಟಿಗೆ ಬಂದರೆ ಮಿದುಳು ಗಾಬರಿಯಾಗುತ್ತದೆ, ಯಾವುದನ್ನು ಬಿಡಬೇಕು ಯಾವುದನ್ನು ಹಿಡಿಯಬೇಕು ಅಂತ ಮತ್ತೆ ಕಲಿಯಬೇಕು. ಬಹಳ ಜನರ ಮಷೀನು ಬೀರುವಿನಲ್ಲಿ ಕೂರುವುದು ಇದೇ ಮೊದಲ ತಿಂಗಳಲ್ಲಿ. ದಿನಕ್ಕೆ ಒಂದು ಗಂಟೆ, ಮನೆಯೊಳಗೆ, ಒಬ್ಬರೊಡನೆ ಮಾತು. ಆಮೇಲೆ ಎರಡು ಗಂಟೆ. ನಾನು ಮೂರು ಸಲ ದನಿ ಹೊಂದಿಸಿದೆ. ಮಂಗಲ ಕಾರ್ಯಾಲಯದಂಥ ದೊಡ್ಡ ಹಾಲಿನಲ್ಲಿ ಈಗಲೂ ಅವರಿಗೆ ಕಷ್ಟವೇ. ಅಲ್ಲಿ ಎಲ್ಲ ಮಾತೂ ವಿಜಾಪುರದ ಗೋಲಗುಮ್ಮಟದ ಹಾಗೆ ತಿರುತಿರುಗಿ ಬರುತ್ತದೆ, ಮಷೀನಿಗೆ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಹೋದ ರೋಮಕೋಶ ಹೋದದ್ದೇ. ಮಷೀನು ಉಳಿದಿರುವವಕ್ಕೆ ಊರುಗೋಲು.

ನಾವೂ ಕಲಿಯಬೇಕಾಯಿತು. ಅಡುಗೆಮನೆಯಿಂದ ಕೂಗುವುದು ಬಿಟ್ಟೆವು; ಎದುರಿಗೆ ಹೋಗಿ, ಮುಖ ಕಾಣುವಂತೆ ನಿಂತು, ನಿಧಾನವಾಗಿ. ಕಿರುಚಬಾರದು. ಇಂಥ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸುವುದಿಲ್ಲ, ಜೋರಿನ ಸದ್ದು ನೋವಾಗುತ್ತದೆ, ನಡುವಿನ ಜಾಗ ಕಿರಿದು. ‘ಅಲ್ಲಾ, ಕೇಳಸಂಗಿಲ್ಲ ಅಂದ್ರ ಹಿಂಗ ಒದರತಾರೇನು’ ಅನ್ನುವುದು ಅದಕ್ಕೇ. ಒಂದು ಸಲ ಹೇಳಿದ್ದು ತಿಳಿಯದಿದ್ದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುವ ಬದಲು ಬೇರೆ ಪದದಲ್ಲಿ ಹೇಳಿ. ಮತ್ತೆ ‘ಏನಿಲ್ಲ ಬಿಡಿ’ ಅನ್ನಬೇಡಿ. ನಾವೆಲ್ಲ ನಗುತ್ತಿರುವಾಗ ‘ಏನಂದ್ರು?’ ಅಂತ ಅವರು ಕೇಳಿದರೆ ‘ಏನಿಲ್ಲ ಬಿಡಿ ಅತ್ತೆ’ ಅಂತ ನಾನೇ ಎಷ್ಟು ಸಲ ಹೇಳಿದ್ದೇನೋ. ಕೇಳುವುದು ಕಡಿಮೆಯಾದವರು ಹೀಗೆ ಒಂಟಿಯಾಗುತ್ತ ಹೋಗುತ್ತಾರೆ. ಮರೆಗುಳಿ ಕಾಯಿಲೆಯ ತಡೆಯಬಹುದಾದ ಕಾರಣಗಳಲ್ಲಿ ಚಿಕಿತ್ಸೆ ಮಾಡಿಸದ ಕಿವುಡು ದೊಡ್ಡವುಗಳಲ್ಲ ಒಂದು ಅಂತ ಲ್ಯಾನ್ಸೆಟ್ ಆಯೋಗದ ವರದಿಗಳು 2017ರಿಂದಲೂ ಹೇಳುತ್ತಿವೆ.

ಮೂರನೆಯ ತಿಂಗಳು ಒಂದು ಸಂಜೆ ನಾನು ಕ್ಲಿನಿಕ್‌ನಿಂದ ಬಂದಾಗ ಮನೆಗೆ ಬೀಗ. ಗಾಬರಿಯಾಗಿ ಹುಡುಕಿದರೆ ಅತ್ತೆ ಕೆಳಗೆ ಬೆಂಚಿನ ಮೇಲೆ ಹೆಂಗಸರ ನಡುವೆ ಕೂತು, ಜೋಳದ ರೊಟ್ಟಿಯೂ ಭಾಕರಿಯೂ ಒಂದೇ ಅಲ್ಲ ಅಂತ ವಾದ ಮಾಡುತ್ತಿದ್ದರು. ಮರಾಠಿಯಲ್ಲಿ. ನನಗಿಂತ ಚೆನ್ನಾಗಿ.

ಇವತ್ತು ಅವರು ಇಲ್ಲೇ ಮೊದಲ ಸಾಲಿನಲ್ಲಿ ಇದ್ದಾರೆ. ನಾನು ಬೇಗ ಬೇಗ ಮಾತಾಡಿದಾಗೆಲ್ಲ ಕೈ ತೋರಿಸಿ ನಿಧಾನ ಅನ್ನುತ್ತಿದ್ದವರು ಅವರೇ.

ಹೊರಗೆ ಚಹಾದ ಮೇಜಿನ ಪಕ್ಕ ನನ್ನ ಓಟೋಸ್ಕೋಪ್, ಚಿಕ್ಕ ಪರೀಕ್ಷಾ ಯಂತ್ರ ಇಟ್ಟುಕೊಂಡು ಕೂರುತ್ತೇನೆ. ಬಂದವರ ಕಿವಿ ನೋಡುತ್ತೇನೆ, ಪೂರ್ತಿ ಪರೀಕ್ಷೆ ಬೇಕಾದವರಿಗೆ ಹೇಳುತ್ತೇನೆ. ಸಂಭಾಜಿನಗರದವರಿಗೆ ಮುಂದಿನ ತಿಂಗಳ ಎರಡನೆಯ ಶನಿವಾರ, ಜಾಗವನ್ನು ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ತಿಳಿಸುತ್ತಾರೆ. ಬರುವಾಗ ಮನೆಯಲ್ಲಿ ‘ಭಾಷೆ ಬರಲ್ಲ’ ಅಂತ ಕೂತಿರುವ ಹಿರಿಯರನ್ನೂ ಕರೆದುಕೊಂಡು ಬನ್ನಿ. ಬರುವ ಹಿಂದಿನ ದಿನ ಎಣ್ಣೆ ಮಾತ್ರ ಬಿಡಬೇಡಿ, ಒಳಗೆ ಏನೂ ಕಾಣಿಸುವುದಿಲ್ಲ.